ನಾಯಿಯ ಮೈಮೇಲಿನ ಉಣುಗಿನಿಂದ ಮಂಗನ ಕಾಯಿಲೆ ಬರುತ್ತದೆಯೇ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಮನೆಯ ನಾಯಿಗೆ ಕಿವಿಯೊಳಗೆ, ಕುತ್ತಿಗೆಗೆ, ಬೆರಳ ಸಂದಿಗೆಲ್ಲ ಉಣುಗು. ಮಕ್ಕಳು ದಿನವಿಡೀ ಅದರ ಜೊತೆಗೇ ಇರುತ್ತಾರೆ. ಸಿದ್ದಾಪುರದ ಕಡೆ ಮಂಗನ ಕಾಯಿಲೆ ಎಂದು ಕೇಳಿದ ಮೇಲೆ ಅತ್ತೆಯವರು ನಾಯಿಯನ್ನು ಯಾರಿಗಾದರೂ ಕೊಟ್ಟುಬಿಡಿ ಎನ್ನುತ್ತಿದ್ದಾರೆ. ಏನು ಮಾಡೋಣ?

ಉತ್ತರ: ಕೊಡಬೇಡಿ. ದರಕು, ಅಂದರೆ ಕಾಡಿನ ಒಣ ಎಲೆ, ಗುಡಿಸುವ ಕಾಲ ಬಂತೆಂದರೆ ಪಶುವೈದ್ಯನಾದ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ನಾಯಿಯನ್ನು ಮುಟ್ಟಿದರೆ, ಅದು ನೆಕ್ಕಿದರೆ, ಪಕ್ಕದಲ್ಲಿ ಮಲಗಿದರೆ ಮಂಗನ ಕಾಯಿಲೆ ಬರುವುದಿಲ್ಲ. ನಿಮ್ಮ ಅತ್ತೆಯವರ ಹೆದರಿಕೆಗೂ ಕಾರಣವಿದೆ, ಆದರೆ ಅದನ್ನು ನಾಯಿಯ ತಲೆಗೆ ಕಟ್ಟುವುದು ಸರಿಯಲ್ಲ.

ಉಣುಗಿನಲ್ಲಿ ಹಲವು ಜಾತಿಗಳಿವೆ. ಮಂಗನ ಕಾಯಿಲೆಯ ವೈರಸ್ಸು 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯಿತು. ಅದನ್ನು ಮುಖ್ಯವಾಗಿ ಹರಡುವುದು ಹೀಮಾಫೈಸಾಲಿಸ್ ಎಂಬ ಕಾಡಿನ ಉಣುಗು. ಇದರ ಮರಿಗಳು ಕಣ್ಣಿಗೆ ಬೀಳುವುದೇ ಕಷ್ಟ, ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದೂ ಅವೇ. ನವೆಂಬರಿನಿಂದ ಮೇವರೆಗೆ ಅವು ಒಣ ಎಲೆಗಳ ನಡುವೆ ತುಂಬಿರುತ್ತವೆ. ನಾವು ಸೊಪ್ಪಿನ ಬೆಟ್ಟಕ್ಕೆ ದರಕಿಗೆ ಹೋಗುವುದೂ ಅದೇ ತಿಂಗಳುಗಳಲ್ಲಿ. 2024ರಲ್ಲಿ ಸಿದ್ದಾಪುರ ತಾಲೂಕಿನಲ್ಲಿ ಜನ ಜ್ವರದಿಂದ ಮಲಗಿದ್ದೂ ಈ ಕಾಲದಲ್ಲೇ.

ನಿಮ್ಮ ನಾಯಿಯ ಕಿವಿಯಲ್ಲಿ ಕಾಣುವ ಕಂದು ಬಣ್ಣದ್ದು ಬಹುಪಾಲು ಮನೆಯ ಉಣುಗು, ಆ ಕಾಡಿನದ್ದಲ್ಲ. ಕಾರವಾರ, ಕುಮಟೆಯ ಪೇಟೆಯೊಳಗೆ, ಕಾಡು ಕಂಡೇ ಇರದ ನಾಯಿಗಳ ಮೈಮೇಲೂ ಇರುವುದು ಇದೇ. ಹೆಣ್ಣು ಉಣುಗು ರಕ್ತ ಕುಡಿದು ಹರಳುಬೀಜದ ಹಾಗೆ ಊದಿಕೊಂಡು ಕೆಳಗೆ ಬೀಳುತ್ತದೆ. ಆಮೇಲೆ ಗೋಡೆಯ ಬಿರುಕು ಹುಡುಕಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ನಾಯಿಗೆ ಎಷ್ಟು ಸಲ ಸ್ನಾನ ಮಾಡಿಸಿದರೂ ವಾರದೊಳಗೆ ಮತ್ತೆ ಉಣುಗು ಕಾಣುವುದು ಇದಕ್ಕೇ. ಗೂಡು, ಜಗಲಿಯ ಸಂದಿ, ಹಾಸಿದ ಗೋಣಿಚೀಲ, ಇವಕ್ಕೂ ಔಷಧಿ ಬೀಳಬೇಕು. ಚೀಲವನ್ನು ಸುಟ್ಟುಬಿಡುವುದೇ ಒಳ್ಳೆಯದು.

ನಾಯಿ ನಿಮ್ಮ ಜೊತೆ ಬೆಟ್ಟಕ್ಕೆ ಬರುವುದಾದರೆ ಮಾತು ಬೇರೆ. ಅದರ ಕೂದಲಿಗೆ ಹತ್ತಿದ ಕಾಡಿನ ಉಣುಗು, ಇನ್ನೂ ಕಚ್ಚಿಕೊಳ್ಳದೆ ಹರಿದಾಡುತ್ತಿರುವಂಥದ್ದು, ಜಗಲಿವರೆಗೂ ಬಂದು ಮಗುವಿಗೆ ದಾಟಬಹುದು. ಹಾಗೆ ನೋಡಿದರೆ ನಿಮ್ಮ ಬಟ್ಟೆಯ ಮೇಲೆ, ದರಕಿನ ಹೊರೆಯಲ್ಲಿ ಬರುವ ಉಣುಗು ಇದಕ್ಕಿಂತ ಹೆಚ್ಚು. ಈ ಕೆಲವು ತಿಂಗಳು ನಾಯಿಯನ್ನು ಮನೆಯಲ್ಲೇ ಕಟ್ಟಿ. ನೀವು ಹೋಗುವಾಗ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆ ಕುದಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಅದು ಬಿದ್ದ ಜಾಗದ ಸುತ್ತ ಉಣುಗು ಚದುರಿರುತ್ತದೆ.

ಈಗ ನಾಯಿಯ ವಿಷಯ. ನೀವು ಅದನ್ನು ಕೇಳಲಿಲ್ಲ, ನನಗೆ ಹೆಚ್ಚು ಕಳವಳ ಅದರದ್ದೇ. ಮನೆಯ ಉಣುಗು ನಾಯಿಗೆ ಎರ್ಲಿಕಿಯಾ, ಬೇಬಿಸಿಯಾ ಎಂಬ ರೋಗಗಳನ್ನು ತರುತ್ತದೆ. ಎಲ್ಲರೂ ಟಿಕ್ ಫೀವರ್ ಎನ್ನುವುದು ಇವನ್ನೇ. ನಾಯಿಯ ತುಟಿ ಎತ್ತಿ ವಸಡು ನೋಡಿ. ತಿಳಿಗೆಂಪಾಗಿರಬೇಕಾದದ್ದು ಬಿಳಿಚಿದ್ದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ದರೆ, ಮೂಗಿನಲ್ಲಿ ರಕ್ತ ಕಂಡರೆ ಅವತ್ತೇ ಆಸ್ಪತ್ರೆಗೆ ತನ್ನಿ. ರಕ್ತ ಪರೀಕ್ಷೆ ಮಾಡಿಯೇ ಔಷಧಿ ನಿರ್ಧರಿಸಬೇಕು, ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ. ಎರ್ಲಿಕಿಯಾಕ್ಕೆ ಡಾಕ್ಸಿಸೈಕ್ಲಿನ್ ಮಾತ್ರೆ ಸಾಮಾನ್ಯವಾಗಿ 28 ದಿನ. ಮೂರನೇ ದಿನಕ್ಕೆ ಅನ್ನ ತಿಂದಿತು ಎಂದು ನಿಲ್ಲಿಸಿದರೆ ರೋಗ ಮರಳಿ ಬರಬಹುದು.

ಮನುಷ್ಯರ ಜ್ವರದ ಮಾತ್ರೆ, ನೋವಿನ ಮಾತ್ರೆ ಕೊಡಲೇಬೇಡಿ. ಬೆಕ್ಕಿಗಂತೂ ಪ್ಯಾರಾಸಿಟಮಾಲ್ ವಿಷ. ನಾಯಿಗೆ ಹಚ್ಚುವ ಪರ್ಮೆಥ್ರಿನ್ ಔಷಧಿ ಬೆಕ್ಕಿನ ಜೀವಕ್ಕೇ ಕುತ್ತು. ದನಕ್ಕೆಂದು ತಂದ ಉಣುಗಿನ ಔಷಧಿಯನ್ನು ಅಂದಾಜಿಗೆ ಕಲೆಸಿ ನಾಯಿಗೆ ಬಳಿಯುವವರೂ ಇದ್ದಾರೆ, ಅದೂ ಬೇಡ. ಉಣುಗು ತೆಗೆಯುವಾಗ ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಸೀಮೆಎಣ್ಣೆ, ಊದುಬತ್ತಿ ಬೇಡ. ಉಗುರಿನಲ್ಲಿ ಕುಕ್ಕದೆ ಸೋಪಿನ ನೀರಿಗೆ ಹಾಕಿ.

“ಡಾಕ್ಟ್ರೇ, ನಾಕು ದಿನಾತು, ಎಂತೂ ತಿಂತಿಲ್ಲೆ” ಎಂದು ನಾಯಿಯನ್ನು ಹೆಗಲ ಮೇಲೆ ಹೊತ್ತು ತರುತ್ತಾರೆ. ಅಷ್ಟರಲ್ಲಿ ರಕ್ತವೆಲ್ಲ ಇಳಿದಿರುತ್ತದೆ. ಮೇಜಿನ ಮೇಲೆ ನಾಯಿ ಸತ್ತರೆ ಮನೆಯವರ ದುಃಖ ಒಮ್ಮೊಮ್ಮೆ ವೈದ್ಯರ ಮೇಲೆ ಸಿಟ್ಟಾಗಿ ಬೀಳುತ್ತದೆ. ಅದನ್ನು ಕೇಳಿಸಿಕೊಂಡ ವೈದ್ಯರೇ ಮುಂದಿನ ಗಳಿಗೆಯಲ್ಲಿ ಕರು ಅಡ್ಡ ಸಿಕ್ಕಿಕೊಂಡ ಎಮ್ಮೆಗಾಗಿ ಘಟ್ಟದ ಹಳ್ಳಿಗೆ ಹೊರಡಬೇಕು. ಅಲ್ಲಿ ಬೆಟ್ಟದಲ್ಲಿ ಮೇದು ಬಂದ ದನದ ಮೈತುಂಬ ಉಣುಗು. ರಾತ್ರಿ ಮನೆಗೆ ಬಂದು ಮಗುವನ್ನು ಎತ್ತಿಕೊಳ್ಳುವ ಮೊದಲು ಬಚ್ಚಲಲ್ಲಿ ನಿಂತು ಮೈಯೆಲ್ಲ ತಡವಿ ನೋಡುವ ಕಿರಿಯ ಸಹೋದ್ಯೋಗಿಗಳನ್ನು ನಾನು ಬಲ್ಲೆ. ನಿದ್ದೆ ಕಳೆದುಕೊಂಡವರೂ ಇದ್ದಾರೆ. ಇಂಥವರಿಗೆ “ಇದೆಲ್ಲ ಅಭ್ಯಾಸವಾಗುತ್ತದೆ” ಎನ್ನುವ ಹಿರಿಯರ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಅವರ ಜೊತೆ ಕೂತು ಮಾತಾಡಬೇಕು, ಬೇಕಾದರೆ ಮನೋವೈದ್ಯರ ಹತ್ತಿರ ಕಳಿಸಬೇಕು. ನೀವು ನಾಯಿಯನ್ನು ಎರಡು ದಿನ ಮೊದಲು ತಂದರೆ ಅವರ ಹೊರೆಯೂ ಅಷ್ಟು ಇಳಿಯುತ್ತದೆ.

ಕೊನೆಗೊಂದು ಮಾತು. ಮನೆಯಲ್ಲಿ ಯಾರಿಗಾದರೂ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆ ಸಿಡಿತ, ಮೈಕೈ ನೋವು ಬಂದರೆ ಕಾಯಬೇಡಿ. ಮಂಗನ ಕಾಯಿಲೆಯಾದರೆ ಉಣುಗು ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಜ್ವರ ಕಾಣುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾಯಿಯ ಸುದ್ದಿ ಹೇಳಿ ಸುಮ್ಮನಾಗಬೇಡಿ. ಯಾವ ದಿನ ಯಾವ ಬೆಟ್ಟಕ್ಕೆ ಹೋಗಿದ್ದಿರಿ, ಸುತ್ತಮುತ್ತ ಮಂಗ ಸತ್ತಿತ್ತೇ ಎಂಬುದನ್ನು ಮೊದಲು ಹೇಳಿ.