ಭೋಗ್ಯವೇ ಬೇರೆ, ಅಡಮಾನವೇ ಬೇರೆ

ಬಳ್ಳಾರಿಯ ಗಾಂಧಿನಗರದಲ್ಲಿ ಮೊದಲ ಮನೆ ಕೊಂಡ ಸಂಬಂಧಿಕರೊಬ್ಬರು ಗೃಹಪ್ರವೇಶದ ಊಟದ ಹೊತ್ತಿಗೆ ಹೇಳಿದರು: "ಮನಿ ಬ್ಯಾಂಕಿಗೆ ಭೋಗ್ಯಕ್ಕ ಹಾಕೀವಿ, ಇಪ್ಪತ್ತು ವರ್ಷ." ಈ ತಿಂಗಳಲ್ಲಿ ಈ ಮಾತು ಕಿವಿಗೆ ಬಿದ್ದದ್ದು ಮೂರನೇ ಸಲ. ಭೋಗ್ಯಕ್ಕೆ ಹಾಕಿದ್ದರೆ ಆ ಮನೆಯ ಕೀಲಿ ಅವರ ಕೈಯಲ್ಲಿ ಇರುತ್ತಲೇ ಇರಲಿಲ್ಲ.

'ಭೋಗ್ಯ'ದ ಮೂಲ ಸಂಸ್ಕೃತದ 'ಭುಜ್', ಎಂದರೆ ಉಣ್ಣು, ಅನುಭವಿಸು. ಭೋಜನ, ಭೋಗ, ಉಪಭೋಗ ಎಲ್ಲವೂ ಅಲ್ಲಿಂದಲೇ ಬಂದವು. ಭೋಗ್ಯದಲ್ಲಿ ಸಾಲ ಕೊಟ್ಟವನು ಬಡ್ಡಿಯ ಬದಲು ಆಸ್ತಿಯನ್ನೇ ಉಣ್ಣುತ್ತಾನೆ. ಮನೆಯಾದರೆ ವಾಸ, ಹೊಲವಾದರೆ ಬೆಳೆ. ಧರ್ಮಶಾಸ್ತ್ರದಲ್ಲಿ ಒತ್ತೆಗೆ 'ಆಧಿ' ಎಂದು ಹೆಸರು, ಅದರಲ್ಲಿ ಎರಡು ಬಗೆ. ಕಾಪಾಡಿಡಬೇಕಾದದ್ದು ಗೋಪ್ಯಾಧಿ, ಅನುಭವಿಸಬಹುದಾದದ್ದು ಭೋಗ್ಯಾಧಿ. ಗೋಪ್ಯವನ್ನು ಬಳಸಿಕೊಂಡವನಿಗೆ ಬಡ್ಡಿ ಇಲ್ಲ ಎನ್ನುತ್ತದೆ ಯಾಜ್ಞವಲ್ಕ್ಯ ಸ್ಮೃತಿ. ಅದಕ್ಕೆ ಮಿತಾಕ್ಷರ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಇದ್ದದ್ದು ನಮ್ಮದೇ ಕಲ್ಯಾಣದಲ್ಲಿ, ಆರನೇ ವಿಕ್ರಮಾದಿತ್ಯನ ಕಾಲದಲ್ಲಿ. ಒಂಬತ್ತು ಶತಮಾನದ ಹಿಂದೆಯೇ ಇಷ್ಟು ಸ್ಪಷ್ಟವಾಗಿದ್ದದ್ದನ್ನು ಈಗ ಕಲಸುವುದು ಸರಿಯಲ್ಲ.

ಒತ್ತೆ ಇಟ್ಟ ಬಂಗಾರ ಗೋಪ್ಯ. ನಿಮ್ಮ ಸರವನ್ನು ಸೊಸೈಟಿಯವರ ಮನೆಯ ಯಾರೋ ಹಾಕಿಕೊಂಡು ಮದುವೆಗೆ ಹೋದರೆ ಸುಮ್ಮನಿರುತ್ತೀರಾ? ಮನೆಸಾಲದಲ್ಲಿ ಬ್ಯಾಂಕು ಮನೆಯನ್ನು ಉಣ್ಣುವುದೂ ಇಲ್ಲ, ತನ್ನ ವಶದಲ್ಲಿ ಇಟ್ಟುಕೊಳ್ಳುವುದೂ ಇಲ್ಲ. ಮೂಲ ಖರೀದಿ ಪತ್ರ, ಹಿಂದಿನ ಕಾಗದಗಳು ಮಾತ್ರ ಅದರ ಕೈಯಲ್ಲಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 58ನೇ ಕಲಮು ಇವೆರಡನ್ನೂ ಬೇರೆಬೇರೆಯಾಗಿಯೇ ಹೇಳುತ್ತದೆ: ಸ್ವಾಧೀನ ಬಿಟ್ಟುಕೊಡುವುದು ಭೋಗ್ಯ, ಹಕ್ಕುಪತ್ರ ಒಪ್ಪಿಸಿ ಸಾಲ ಪಡೆಯುವುದು ಇನ್ನೊಂದು ಬಗೆಯ ಅಡಮಾನ.

ಐದು ಲಕ್ಷ ಕೊಟ್ಟು ಬಾಡಿಗೆಯಿಲ್ಲದೆ ಮೂರು ವರ್ಷ ಇರುತ್ತಾರಲ್ಲ, ನಿಜವಾದ ಭೋಗ್ಯ ಅದು. ಅದನ್ನು ಮಾತ್ರ ನಮ್ಮವರು 'ಲೀಸ್' ಎನ್ನುತ್ತಾರೆ! ಹೆಸರು ತಪ್ಪಿದ್ದಕ್ಕಿಂತ ಕೆಟ್ಟದ್ದು, ಅದನ್ನು ಬರೀ ಬಾಂಡ್ ಪೇಪರಿನ ಮೇಲೆ ಬರೆದು ಮುಗಿಸುವುದು. 59ನೇ ಕಲಮಿನ ಪ್ರಕಾರ ನೂರು ರೂಪಾಯಿ ಅಥವಾ ಮೇಲ್ಪಟ್ಟ ಸಾಲದ ಭೋಗ್ಯಪತ್ರ ನೋಂದಣಿಯಾಗಲೇಬೇಕು, ಇಬ್ಬರು ಸಾಕ್ಷಿಗಳ ಸಹಿಯೂ ಬೇಕು. ಐದು ಲಕ್ಷ ಕೊಡುವವರು ದಯವಿಟ್ಟು ಇದನ್ನು ಬಿಡಬೇಡಿ.

ಇನ್ನು, ಮನೆ ಕೊಳ್ಳುವಾಗ ಬೆಲೆಯ ಮೇಲೆ ಬೀಳುವ ಖರ್ಚಿಗೆ ಕೆಲವರು ಹೇಳುವ 'ಮುಕ್ತಾಯ ವೆಚ್ಚ'. ಅಮೆರಿಕದವರ 'ಕ್ಲೋಸಿಂಗ್' ಎಂಬ ಮಾತನ್ನು ಅನುವಾದಿಸಿ ತಂದದ್ದು. ನಮ್ಮಲ್ಲಿ ಲೋನ್ ಕ್ಲೋಸ್ ಎಂದರೆ ಸಾಲ ತೀರಿತು ಎಂದರ್ಥ. ಅವರ ಕ್ಲೋಸಿಂಗ್ ಎಂದರೆ ಖರೀದಿ ಮುಗಿಯುವ ದಿನ. 'ನೋಂದಣಿ ಖರ್ಚು' ಎಂದರೆ ಎಲ್ಲರಿಗೂ ತಿಳಿಯುತ್ತದೆ. ಪಟ್ಟಣದ 30 ಲಕ್ಷದ ಹಳೆ ಮನೆಗೆ ಲೆಕ್ಕ ಹಾಕಿ: ಮುದ್ರಾಂಕ ಶುಲ್ಕ ಶೇ 5ರಂತೆ 1,50,000, ಅದರ ಮೇಲೆ ಶೇ 10 ಸೆಸ್ 15,000, ಶೇ 2 ಸರ್ಚಾರ್ಜ್ 3,000, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2 ಆಗಿರುವುದರಿಂದ 60,000. ಒಟ್ಟು 2,28,000 ರೂಪಾಯಿ. ಮಾರ್ಗಸೂಚಿ ದರ, ಅಂದರೆ ಆ ಜಾಗಕ್ಕೆ ಸರ್ಕಾರ ಗೊತ್ತುಮಾಡಿದ ಬೆಲೆ, ಹೆಚ್ಚಿದ್ದರೆ ಲೆಕ್ಕ ಅದರ ಮೇಲೆ. ಮನೆಯ ಬೆಲೆ 10 ಲಕ್ಷ ಮೀರಿದರೆ ಈ ಖರ್ಚನ್ನು ಬೆಲೆಗೆ ಸೇರಿಸಿ ಸಾಲ ಕೊಡಲು ರಿಸರ್ವ್ ಬ್ಯಾಂಕ್ ನಿಯಮ ಬಿಡುವುದಿಲ್ಲ, ಕೈಯಿಂದಲೇ ಹಾಕಬೇಕು. ಮುಂಗಡಕ್ಕೆಂದು ಕೂಡಿಟ್ಟ ದುಡ್ಡು ಸಾಲದೆ ಕೈಸಾಲಕ್ಕೆ ಓಡುವುದು ಇಲ್ಲಿಯೇ.

ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕು ಮೂಲ ಕಾಗದ ವಾಪಸು ಕೊಡಬೇಕು. ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. 2023ರ ಡಿಸೆಂಬರ್ 1ರಿಂದ ಈ ನಿಯಮವಿದೆ. ಆದರೆ ಏನೇನು ಕೊಟ್ಟಿದ್ದೆವು ಎಂಬುದಕ್ಕೆ ಪುರಾವೆ ಬೇಕಲ್ಲ? ನಮ್ಮ ಸಂಬಂಧಿಕರು ಒಪ್ಪಿಸಿದ ಕಾಗದಗಳ ಪಟ್ಟಿಯನ್ನು ಮ್ಯಾನೇಜರರ ಸಹಿ, ಮೊಹರಿನ ಸಮೇತ ಟ್ರಂಕಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ ಇಟ್ಟಿದ್ದಾರೆ.