ಎಣ್ಣೆ ಕಾದ ಮೇಲೆ ಜಾರುವ ಪಂಪು

ಹೋದ ಬೇಸಿಗೆಯಲ್ಲಿ ಕಲಬುರಗಿಯ ಕಪನೂರ ಇಂಡಸ್ಟ್ರಿಯಲ್ ಏರಿಯಾದಿಂದ ಫಿಟ್ಟರ್ ಒಬ್ಬರು ಫೋನ್ ಮಾಡಿದರು. "ಸರ್, ಪಂಪ್ ಮುಂಜಾನಿ ಛಲೋ ನಡೀತದ್ರಿ, ಎಣ್ಣಿ ಕಾದ ಮ್ಯಾಲ ಜಾರ್ಲಿಕತ್ತದ."

ಅದು ಮ್ಯಾಗ್ನೆಟಿಕ್ ಡ್ರೈವ್ ಪಂಪ್. ಮೋಟರ್ ಕಡೆ ಒಂದು ಮ್ಯಾಗ್ನೆಟ್ ರಿಂಗ್, ಎಣ್ಣೆ ತಳ್ಳುವ ಚಕ್ರ ಇಂಪೆಲ್ಲರ್ ಕಡೆ ಇನ್ನೊಂದು, ನಡುವೆ ಸ್ಟೀಲ್ ಗೋಡೆ. ಹೊರಗಿನ ರಿಂಗ್ ತಿರುಗಿದರೆ ಅದರ ಎಳೆತಕ್ಕೆ ಒಳಗಿನದೂ ತಿರುಗುತ್ತದೆ, ಎಳೆತ ಸಾಲದಿದ್ದರೆ ಜಾರುತ್ತದೆ. ಶಾಫ್ಟ್ ಸೀಲ್ ಇಲ್ಲ, ಹಾಗಾಗಿ ಸೋರುವ ಭಯ ಕಡಿಮೆ. ಆದರೆ ಒಳಗಿನ ರಿಂಗ್ ದಿನವಿಡೀ 120 ಡಿಗ್ರಿ ಎಣ್ಣೆಯಲ್ಲೇ ಇರಬೇಕು. ಬಿಚ್ಚಿ ಬೆಂಚಿಗೆ ತಂದು, ಕಾಂತಬಲ ಅಳೆಯುವ ಗೌಸ್ ಮೀಟರ್ ಹಿಡಿದೆ. ಒಂದು ಪೋಲ್‌ ಹತ್ತಿರ ಮುಳ್ಳು ಸರಿಯಾಗಿ ಏರಿತು, ಪಕ್ಕದ್ದರಲ್ಲಿ ಅರ್ಧಕ್ಕೇ ನಿಂತಿತು. ಹಳೇ ರಿಂಗ್ ಒಡೆದಾಗ ಯಾರೋ ಸಾದಾ ನಿಯೋಡಿಮಿಯಮ್ ಮ್ಯಾಗ್ನೆಟ್ ಹಾಕಿದ್ದರು, ಅದು ಜಾಸ್ತಿ ಎಳೆಯುತ್ತೆ ಅಂತ.

ತಣ್ಣಗಿದ್ದಾಗ ಆ ಮಾತು ನಿಜ. ಆದರೆ ಸಾದಾ ಗ್ರೇಡ್ 80 ಡಿಗ್ರಿ ದಾಟಿದರೆ ತಡೆಯುವುದಿಲ್ಲ, ಒಮ್ಮೆ ಹೋದ ಬಲ ತಣ್ಣಗಾದರೂ ಪೂರ್ತಿ ವಾಪಸ್ ಬರುವುದಿಲ್ಲ. 310ರ ಆಸುಪಾಸಿನಲ್ಲಿ ಕಾಂತತೆಯೇ ಇರುವುದಿಲ್ಲ. ಸಮೇರಿಯಮ್, ಕೋಬಾಲ್ಟ್ ಎಂಬ ಎರಡು ಲೋಹ ಸೇರಿಸಿ ಮಾಡಿದ ಸಮೇರಿಯಮ್ ಕೋಬಾಲ್ಟ್ ಮ್ಯಾಗ್ನೆಟ್ ಆ ಸ್ಥಿತಿಗೆ ಬರಲು 700 ಡಿಗ್ರಿ ದಾಟಬೇಕು. ಎರಡು ಸಮೇರಿಯಮ್‌ಗೆ ಹದಿನೇಳು ಕೋಬಾಲ್ಟ್ ಲೆಕ್ಕದ 2:17 ಜಾತಿಯದನ್ನು 300 ಡಿಗ್ರಿಯಲ್ಲೂ ಧೈರ್ಯವಾಗಿ ಬಳಸಬಹುದು.

ಯಾಕೆ ಅಂದರೆ, ಇಲ್ಲಿ ಕೆಲಸ ಇಬ್ಬರಿಗೆ ಹಂಚಿದೆ. ಕೋಬಾಲ್ಟ್ ಎಳೆಯುವ ಎತ್ತು, ಅದೊಂದೇ ಇದ್ದರೂ 1115 ಡಿಗ್ರಿವರೆಗೆ ಕಾಂತತೆ ಬಿಡುವುದಿಲ್ಲ. ಸಮೇರಿಯಮ್ ಮೂಗುದಾರ ಇದ್ದಂತೆ, ದಿಕ್ಕು ತಪ್ಪದಂತೆ ಬಿಗಿ ಹಿಡಿಯುತ್ತದೆ. ಒಂಟಿಯಾಗಿದ್ದರೆ ಸಮೇರಿಯಮ್‌ನ ಕಾಂತೀಯ ಶಿಸ್ತು ಮೈನಸ್ 167 ಡಿಗ್ರಿಗೇ ಕೆಟ್ಟು ಹೋಗುತ್ತದೆ, ಕೋಬಾಲ್ಟ್ ಜೊತೆ ಸೇರಿದ್ದಕ್ಕೇ ಕಾದ ಎಣ್ಣೆಯಲ್ಲೂ ನಿಲ್ಲುತ್ತದೆ. ಅಮೆರಿಕದ ವಾಯುಪಡೆಯ ಪ್ರಯೋಗಾಲಯದಲ್ಲಿ ಕಾರ್ಲ್ ಸ್ಟ್ರನಾಟ್ ಮತ್ತು ಗ್ಯಾರಿ ಹಾಫರ್ 1966ರಲ್ಲಿ ಇಟ್ರಿಯಮ್-ಕೋಬಾಲ್ಟ್‌ನಲ್ಲಿ ಈ ದಿಕ್ಕಿನ ಬಿಗಿಯನ್ನು ತೋರಿಸಿಕೊಟ್ಟ ಮೇಲೆಯೇ ಈ ಜಾತಿಯ ಮ್ಯಾಗ್ನೆಟ್‌ಗಳು ಬಂದವು.

ಕೋಬಾಲ್ಟ್ ಇದ್ದರೆ ಸಾಕು ಅಂತಲೂ ಅಲ್ಲ, ಪ್ರಮಾಣ ಮುಖ್ಯ. ಡಿಸ್ಪ್ರೋಸಿಯಮ್ ಸಮೇರಿಯಮ್ ಬಳಗದ್ದೇ ಲೋಹ. ಒಂದು ಡಿಸ್ಪ್ರೋಸಿಯಮ್‌ಗೆ ಎರಡೇ ಕೋಬಾಲ್ಟ್ ಇರುವ ಸಂಯುಕ್ತದಲ್ಲಿ ಕೋಬಾಲ್ಟ್‌ಗೆ ಸ್ವಂತ ಬಲ ಇಲ್ಲ. ಡಿಸ್ಪ್ರೋಸಿಯಮ್ ಎಬ್ಬಿಸಿದರೆ ಮಾತ್ರ ಏಳುತ್ತದೆ. ಸುಮಾರು ಮೈನಸ್ 133 ಡಿಗ್ರಿ ದಾಟುತ್ತಿದ್ದಂತೆ ಎರಡೂ ಒಟ್ಟಿಗೇ ಥಟ್ಟನೆ ಕುಸಿಯುತ್ತವೆ.

ನನಗೆ ತುಂಬಾ ಇಷ್ಟವಾಗುವುದು ಸಮೇರಿಯಮ್ ಕೋಬಾಲ್ಟ್ ಮ್ಯಾಗ್ನೆಟ್‌ಗೆ ಅದೇ ಬಳಗದ ಗಡೋಲಿನಿಯಮ್ ಸೇರಿಸುವ ಉಪಾಯ. ಅದು ಕೋಬಾಲ್ಟ್‌ಗೆ ಎದುರು ದಿಕ್ಕಿನಲ್ಲಿ ನಿಂತು ಒಟ್ಟು ಬಲದಲ್ಲಿ ಸ್ವಲ್ಪ ಕಳೆಯುತ್ತದೆ. ಬಿಸಿ ಏರಿದಂತೆ ಕೋಬಾಲ್ಟ್‌ಗಿಂತ ಬೇಗ ಅದರ ಎದುರೆಳೆತ ಸಡಿಲವಾಗುತ್ತದೆ, ಕಳೆಯುವುದೂ ಕಡಿಮೆಯಾಗುತ್ತದೆ. ಹಾಗಾಗಿ ಒಟ್ಟು ಬಲ ಹೆಚ್ಚುಕಮ್ಮಿ ಹಾಗೇ ಉಳಿಯುತ್ತದೆ. ಬಿಸಿಗೆ ಅಳತೆ ಅಲುಗಬಾರದ ಉಪಕರಣಗಳಿಗೆ ಇದು ವರ. ನಮ್ಮ ಪಂಪಿಗೆ ಅಷ್ಟೆಲ್ಲ ಬೇಕಿರಲಿಲ್ಲ. 2:17 ರಿಂಗ್ ತರಿಸಿದೆ, ದುಡ್ಡು ಜಾಸ್ತಿ ಆಯಿತು.

ಅದನ್ನು ಕೂರಿಸುವಾಗ ಮಾತ್ರ ಸುಮ್ನೆ ಸುತ್ತಿಗೆ ಎತ್ತಬೇಡಿ. ಬಳಪದ ಹಾಗೆ ಅಂಚು ಚಕ್ಕೆ ಏಳುತ್ತದೆ. ನಡುವೆ ಮರದ ತುಂಡು ಕೊಟ್ಟು ನಿಧಾನಕ್ಕೆ ಇಳಿಸಿ.