ಆರುನೂರು ರೂಪಾಯಿಗೆ ಅಡ್ಡ ಬರುವ ರೂಲ್ಸು ಯಾವುದು?

"ಐದು ಸಾವಿರಕ್ಕಿಂತ ಕಡಿಮೆ ಕೌಂಟರಿನಲ್ಲಿ ಕೊಡೋದಿಲ್ಲ, ಆರ್‌ಬಿಐ ರೂಲ್ಸು." ಈ ಮಾತು ಹೇಳುವವರ ಮೇಲೆ ನನಗೆ ಅಷ್ಟೊಂದು ಸಿಟ್ಟಿಲ್ಲ. ಕೇಳಿಸಿಕೊಂಡು, ತಲೆಯಾಡಿಸಿ, ಪಾಸ್‌ಬುಕ್ಕನ್ನು ಮತ್ತೆ ಪ್ಲಾಸ್ಟಿಕ್ ಕವರಿಗೆ ತುರುಕಿಕೊಂಡು ಹೊರಟುಬಿಡುತ್ತಾರಲ್ಲ, ಅವರ ಮೇಲಿದೆ. ಯಾವ ರೂಲ್ಸು, ಎಲ್ಲಿದೆ, ತೋರಿಸಿ ಎಂದು ನೂರಕ್ಕೊಬ್ಬರೂ ಕೇಳುವುದಿಲ್ಲ.

ಮೂವತ್ತೊಂದು ವರ್ಷ ಕೌಂಟರಿನ ಒಳಗಿದ್ದವನು ನಾನು, ಬಹುಪಾಲು ಕ್ಯಾಷಿನಲ್ಲೇ. ಈಗ ಮಲೆನಾಡಿನ ಒಂದು ತಾಲ್ಲೂಕು ಊರಿನಲ್ಲಿ ವಾರಕ್ಕೆ ನಾಲ್ಕು ದಿನ ಆರ್ಥಿಕ ಸಾಕ್ಷರತೆಯ ಸಲಹೆಗಾರನಾಗಿ ಕೂರುತ್ತೇನೆ. ಜನ ವಿಮೆ, ಸಾಲ, ಮ್ಯೂಚುವಲ್ ಫಂಡು ಅಂತ ಕೇಳಿಕೊಂಡು ಬಂದಾರು ಎಂದುಕೊಂಡಿದ್ದೆ. ಬಂದವರಲ್ಲಿ ಅರ್ಧಕ್ಕರ್ಧ ಜನರದ್ದು ಒಂದೇ ರಗಳೆ: ನಮ್ಮ ದುಡ್ಡು ನಮಗೆ ಬೇಕಾದಷ್ಟು ಯಾಕೆ ಕೊಡುತ್ತಿಲ್ಲ?

ಅಡಿಕೆ ಸುಲಿತದ ದಿನಗಳಲ್ಲಿ ಒಬ್ಬ ಅಜ್ಜಿ ಬಂದರು. ಖಾತೆಯಲ್ಲಿ ಗೃಹಲಕ್ಷ್ಮಿಯ ಎರಡೆರಡು ಸಾವಿರ ಸೇರಿ ಹನ್ನೊಂದು ಸಾವಿರದ ಚಿಲ್ಲರೆ ಇತ್ತು. ಬೇಕಾಗಿದ್ದದ್ದು ಆರುನೂರು: ಬಿಪಿ ಮಾತ್ರೆಗೆ, ಒಂದು ಕೆಜಿ ಸಕ್ಕರೆಗೆ, ವಾಪಸ್ ಹೋಗುವ ಬಸ್ಸಿಗೆ. ಅವರ ಹಳ್ಳಿಗೆ ಖಾಸಗಿ ಬಸ್ಸು ಮಾತ್ರ, ಹಾಗಾಗಿ ಶಕ್ತಿ ಯೋಜನೆಯ ಬಿಟ್ಟಿ ಟಿಕೆಟ್ಟು ಅವರ ಪಾಲಿಗಿಲ್ಲ. ಕೌಂಟರಿನಲ್ಲಿ ಎಟಿಎಂ ತೋರಿಸಿದರು. ಎಟಿಎಂನಲ್ಲಿ ಐನೂರರ ನೋಟು ಬಿಟ್ಟು ಬೇರೆ ಇಲ್ಲ. ಮೂಲೆಯ ಬ್ಯಾಂಕ್ ಮಿತ್ರನ (ಬ್ಯಾಂಕಿನ ಪರವಾಗಿ ದುಡ್ಡು ಕೊಡುವ ಏಜೆಂಟ್) ಹತ್ತಿರ ಹೋಗಿ ಅಂದರು. ಅಲ್ಲಿ ನಾಲ್ಕು ಸಲ ಬೆರಳಿಟ್ಟರೂ ಮಷಿನ್ ಒಪ್ಪಲಿಲ್ಲ. ಒಪ್ಪುವುದಾದರೂ ಹೇಗೆ? ನಲವತ್ತು ವರ್ಷ ಅಡಿಕೆ ಸುಲಿದ ಬೆರಳದು, ಗೆರೆಯೇ ಉಳಿದಿರಲಿಲ್ಲ. ಆ ಹುಡುಗ ಇಪ್ಪತ್ತು ರೂಪಾಯಿ ಸರ್ವೀಸ್ ಚಾರ್ಜನ್ನೂ ಕೇಳಿದನಂತೆ. ಬ್ಯಾಂಕಿನ ಪರವಾಗಿ ಮಾಡುವ ಸೇವೆಗೆ ಬ್ಯಾಂಕ್ ಮಿತ್ರರು ಗ್ರಾಹಕರಿಂದ ನೇರವಾಗಿ ಕಾಸು ಕೀಳುವ ಹಾಗಿಲ್ಲ. ಇದು ಮಾತ್ರ ನಿಜವಾಗಿ ರಿಸರ್ವ್ ಬ್ಯಾಂಕಿನ ನಿಯಮ. ಇರುವ ರೂಲ್ಸು ಯಾರಿಗೂ ಗೊತ್ತಿಲ್ಲ, ಇಲ್ಲದ್ದು ಎಲ್ಲರ ಬಾಯಲ್ಲಿದೆ.

"ಹನ್ನೊಂದು ಸಾವಿರ ಇದೆಯಲ್ಲ ಅಜ್ಜಿ, ಐದು ಸಾವಿರವನ್ನೇ ತಗೊಂಡು ಹೋಗಬಹುದಿತ್ತಲ್ಲ?" ಅಂತ ನಾನೂ ದಡ್ಡನ ಹಾಗೆ ಕೇಳಿದೆ.

"ಮನೇಲಿ ಮಗ ಇದಾನಲ್ಲ" ಅಂದರು. ಅಷ್ಟೇ ಅಂದದ್ದು.

ಕ್ಯಾಷಿನಲ್ಲಿ ಕೂತು ಅಷ್ಟು ವರ್ಷ ಕಳೆದರೂ ನನಗಿದು ಪೂರ್ತಿ ಅರ್ಥವಾದದ್ದು ಅವತ್ತು. ಐನೂರು, ಆರುನೂರು ತೆಗೆಯುವವರಿಗೆ ಲೆಕ್ಕ ಗೊತ್ತಿಲ್ಲ ಎಂದು ನಾವು ಒಳಗಿನವರು ನಗುತ್ತೇವೆ. ಅವರ ಲೆಕ್ಕ ಪಕ್ಕಾ ಇರುತ್ತದೆ. ಬೀಗವಿರುವ ಬೀರು ಅವರಿಗೆ ಬ್ಯಾಂಕ್ ಒಂದೇ. ಐದು ಸಾವಿರ ಕೈಗೆ ಕೊಟ್ಟು ಕಳಿಸಿದರೆ ಆ ಬೀಗ ನಾವೇ ಮುರಿದ ಹಾಗೆ.

ಇನ್ನು ರೂಲ್ಸಿನ ವಿಚಾರ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಬೇಸರಿಸಬೇಡಿ. ಉಳಿತಾಯ ಖಾತೆಯಿಂದ ಕೌಂಟರಿನಲ್ಲಿ ಇಂತಿಷ್ಟಕ್ಕಿಂತ ಕಡಿಮೆ ಕೊಡಕೂಡದು ಎಂದು ಹೇಳುವ ರಿಸರ್ವ್ ಬ್ಯಾಂಕಿನ ಸುತ್ತೋಲೆಯನ್ನು ನನ್ನ ಸರ್ವೀಸಿನಲ್ಲಿ ನಾನು ಕಂಡಿಲ್ಲ, ಆಮೇಲೂ ಕಂಡಿಲ್ಲ. 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 5ನೇ ಕಲಮಿನಲ್ಲಿ ಬ್ಯಾಂಕಿಂಗ್ ಎಂದರೇನು ಎಂಬ ವ್ಯಾಖ್ಯೆ ಇದೆ. ಸಾಲಕ್ಕೋ ಹೂಡಿಕೆಗೋ ಜನರಿಂದ ಠೇವಣಿ ಪಡೆಯುವುದು, ಕೇಳಿದಾಗಲೋ ಮತ್ತೆ ಹೇಗೋ ಅದನ್ನು ಮರಳಿಸುವುದು, ಚೆಕ್, ಡ್ರಾಫ್ಟ್, ಆದೇಶ ಇಲ್ಲವೇ ಬೇರೆ ರೀತಿಯಲ್ಲಿ ಹಿಂಪಡೆಯಲು ಆಗುವುದು, ಇದಿಷ್ಟು ಅದರ ತಿರುಳು. ಕನಿಷ್ಠ ಮೊತ್ತದ ಮಾತು ಅದರಲ್ಲಿಲ್ಲ. ಆ "ಬೇರೆ ರೀತಿ"ಯಲ್ಲಿ ಎಟಿಎಂ ಕೂಡ ಬರುತ್ತದಲ್ಲ ಎಂದು ಬ್ಯಾಂಕಿನ ವಕೀಲರು ವಾದಿಸಿಯಾರು. ವಾದಿಸಲಿ, ನಾನು ನ್ಯಾಯಾಧೀಶನಲ್ಲ. ಆದರೆ ಕೆಲವು ಬ್ಯಾಂಕುಗಳು ಕೌಂಟರಿನಲ್ಲಿ ನಗದು ಕಟ್ಟಿಸಿಕೊಳ್ಳುವುದಿಲ್ಲ, ಎಟಿಎಂನಲ್ಲೇ ಕಟ್ಟಬೇಕು ಎಂಬ ಷರತ್ತಿನ ಖಾತೆಗಳನ್ನು ತಂದಾಗ, ಬ್ಯಾಂಕಿಂಗಿನ ಮೂಲಕ್ಕೇ ಹೊಂದದ ಇಂಥದ್ದನ್ನು ಮಾಡುವ ಹಾಗಿಲ್ಲ ಎಂದು ರಿಸರ್ವ್ ಬ್ಯಾಂಕ್ ಇದೇ ವ್ಯಾಖ್ಯೆ ಹಿಡಿದು ತಡೆದಿತ್ತು. ಕಟ್ಟುವುದಕ್ಕೆ ಸಲ್ಲುವ ನ್ಯಾಯ ತೆಗೆಯುವುದಕ್ಕೂ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ. ಅಂಚೆ ಕಚೇರಿಯ ಉಳಿತಾಯ ಖಾತೆಯಲ್ಲಿ ಕನಿಷ್ಠ ಮೊತ್ತ ಅಂತ ನಿಜಕ್ಕೂ ಒಂದಿದೆ: 50 ರೂಪಾಯಿ. ಬರೆದಿಟ್ಟಿದ್ದಾರೆ, ಯಾರು ಬೇಕಾದರೂ ಓದಬಹುದು.

ಹಾಗಾದರೆ ಬ್ಯಾಂಕು ಏನೂ ಮಿತಿ ಹಾಕುವಂತಿಲ್ಲವೇ? ಹಾಕಬಹುದು. ಬೇರೆ ಶಾಖೆಯಲ್ಲಿ ವಿತ್‌ಡ್ರಾವಲ್ ಫಾರಂ ಮೇಲೆ ಇಷ್ಟಕ್ಕಿಂತ ಹೆಚ್ಚು ಕೊಡುವುದಿಲ್ಲ ಎನ್ನಬಹುದು, ಅದು ಮೋಸ ತಡೆಯಲು. ತಿಂಗಳಿಗೆ ಇಷ್ಟು ಸಲ ಉಚಿತ, ಆಮೇಲೆ ಶುಲ್ಕ ಎನ್ನಬಹುದು, ಅದು ಶುಲ್ಕಪಟ್ಟಿಯಲ್ಲಿ ಅಚ್ಚಾಗಿರಬೇಕು. ಇವು ಬ್ಯಾಂಕಿನ ನಿಯಮಗಳು. ಇವುಗಳ ಕೆಳಗೆ ಇನ್ನೊಂದು ಜಾತಿಯಿದೆ, ಅದು ಕೌಂಟರಿನ ರೂಢಿ. ಪ್ರಿಂಟ್ ತೆಗೆದು ಗಾಜಿಗೆ ಸೆಲೋಟೇಪಿನಲ್ಲಿ ಅಂಟಿಸಿದ ಕಾಗದ. ಕೆಳಗೆ ಸಹಿ ಇಲ್ಲ, ತಾರೀಕಿಲ್ಲ, ಸುತ್ತೋಲೆಯ ಸಂಖ್ಯೆಯಿಲ್ಲ. ನಿಮ್ಮನ್ನು ವಾಪಸ್ ಕಳಿಸುವುದು ಬಹುತೇಕ ಈ ಕಾಗದ. ಅದಕ್ಕೆ ನೀವೇ ರಿಸರ್ವ್ ಬ್ಯಾಂಕಿನ ಮುದ್ರೆ ಒತ್ತಿ ಊರಿಗೆಲ್ಲ ಹೇಳಿಕೊಂಡು ಬರುತ್ತೀರಿ.

ಈ ಗೊಂದಲಕ್ಕೆ ಬೀಜ ಬಿದ್ದದ್ದು 2016ರ ನವೆಂಬರಿನಲ್ಲಿ ಅನಿಸುತ್ತದೆ. ನೋಟು ರದ್ದಾದಾಗ ಕೌಂಟರಿನಲ್ಲಿ ದಿನಕ್ಕೆ ಹತ್ತು ಸಾವಿರ, ವಾರಕ್ಕೆ ಇಪ್ಪತ್ತು ಸಾವಿರ ಎಂದು ಮಿತಿ ಬಂತು. ಕೆಲವೇ ದಿನಕ್ಕೆ ವಾರದ್ದು ಇಪ್ಪತ್ನಾಲ್ಕು ಸಾವಿರವಾಯಿತು. ಬೆಳಿಗ್ಗೆ ಒಂದು ಆದೇಶ, ಸಂಜೆ ಇನ್ನೊಂದು. ನಾವೇ ಟಿವಿ ನೋಡಿ ತಿಳಿದುಕೊಳ್ಳುತ್ತಿದ್ದೆವು. ಅವತ್ತಿನಿಂದ ಕೌಂಟರಿನವರು ಏನು ಹೇಳಿದರೂ ಇರಬಹುದು ಎನ್ನುವ ಅಭ್ಯಾಸ ಜನಕ್ಕೆ ಆಗಿಹೋಯಿತು. ಆದರೆ ಅವತ್ತಿನದು ಮೇಲಿನ ಮಿತಿ, ಇಷ್ಟಕ್ಕಿಂತ ಹೆಚ್ಚು ಬೇಡ ಎಂಬುದು. ಅದೂ 2017ರ ಮಾರ್ಚ್ 13ಕ್ಕೆ ಮುಗಿಯಿತು.

ಕ್ಯಾಷಿಯರ್ ಪರವಾಗಿಯೂ ಎರಡು ಮಾತು ಹೇಳದಿದ್ದರೆ ನನ್ನವರು ನನ್ನನ್ನು ಮದುವೆಗೂ ಕರೆಯಲಿಕ್ಕಿಲ್ಲ. ಆರುನೂರಕ್ಕೂ ಅರವತ್ತು ಸಾವಿರಕ್ಕೂ ಕೆಲಸ ಒಂದೇ: ಸಹಿ ನೋಡು, ಎಂಟ್ರಿ ಹಾಕು, ಎಣಿಸು, ಕೊಡು. ಮೊದಲು ಮೂರು ಕ್ಯಾಷ್ ಕೌಂಟರ್ ಇದ್ದ ಶಾಖೆಗಳಲ್ಲಿ ಈಗ ಒಂದೇ ಇದೆ. ಸಂಜೆ ಲೆಕ್ಕ ತಾಳೆಯಾಗದಿದ್ದರೆ ಕೊರತೆ ಕೈಯಿಂದ ಕಟ್ಟಬೇಕು. ನಾನೂ ಒಮ್ಮೆ ದೀಪಾವಳಿಯ ಹಿಂದಿನ ದಿನ ಎರಡು ಸಾವಿರ ಕಟ್ಟಿ, ಮನೆಯಲ್ಲಿ ಬೇರೇನೋ ಸುಳ್ಳು ಹೇಳಿದ್ದೇನೆ. ಇದರ ಮೇಲೆ ಎಷ್ಟು ವ್ಯವಹಾರ ಕೌಂಟರಿನಿಂದ ಮಷಿನ್ನಿಗೆ ಹೋಯಿತು ಎಂದು ಮೇಲಿನವರು ಕೇಳುತ್ತಲೇ ಇರುತ್ತಾರೆ. ಆ ಕಾಗದ ಅಂಟಿಸಿದ ಕೈಯ ಸುಸ್ತು ನನಗೆ ಗೊತ್ತು.

ಆದರೂ ಅದರಿಂದ ಕೆಲಸ ಕಡಿಮೆಯಾಗುವುದಿಲ್ಲ ಎಂಬುದು ತಮಾಷೆ. ನನ್ನ ಪರಿಚಯದ ನಿವೃತ್ತ ಮೇಷ್ಟರೊಬ್ಬರು ಎಂಟುನೂರು ಬೇಕಾದಾಗ ಐದು ಸಾವಿರ ತೆಗೆದು, ಪಕ್ಕಕ್ಕೆ ಸರಿದು ಚಲನ್ ಬರೆದು, ಅದೇ ಸರತಿಯ ಕೊನೆಗೆ ನಿಂತು ನಾಲ್ಕು ಸಾವಿರದ ಇನ್ನೂರು ವಾಪಸ್ ಕಟ್ಟುತ್ತಾರೆ. ಒಂದು ವ್ಯವಹಾರ ಉಳಿಸಲು ಹೋಗಿ ಎರಡಾಯಿತು. 1928ರಲ್ಲಿ ಉಡುಪಿಯ ಬ್ಯಾಂಕೊಂದು ಪಿಗ್ಮಿ ಠೇವಣಿ ಶುರುಮಾಡಿದಾಗ ಏಜೆಂಟರು ಮನೆಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆ ವಸೂಲಿ ಮಾಡುತ್ತಿದ್ದರು. ಪುಡಿಗಾಸು ತೆಗೆದುಕೊಳ್ಳಲು ಬ್ಯಾಂಕುಗಳಿಗೆ ಯಾವತ್ತೂ ಬೇಸರ ಬಂದಿರಲಿಲ್ಲ.

ಗ್ರಾಹಕರು ಮಾಡುವ ಒಂದು ತಪ್ಪನ್ನೂ ಹೇಳಬೇಕು. ವಿತ್‌ಡ್ರಾವಲ್ ಫಾರಂ ಚೆಕ್ ಅಲ್ಲ. ಎಷ್ಟೋ ಬ್ಯಾಂಕುಗಳ ಫಾರಮ್ಮಿನ ಮೇಲೆ ಹಾಗಂತ ಅಚ್ಚೇ ಆಗಿರುತ್ತದೆ, ಓದುವವರಿಲ್ಲ. ಪಾಸ್‌ಬುಕ್ ಇಲ್ಲದೆ ಬರುತ್ತೀರಿ, ಮೊಮ್ಮಗನ ಕೈಯಲ್ಲಿ ಕಳಿಸುತ್ತೀರಿ. ಆಗ ಕ್ಯಾಷಿಯರ್ ಕೊಡದಿದ್ದರೆ ಅವನೇ ಸರಿ. ಚೆಕ್ಕಿನ ಮರ್ಯಾದೆ ಬೇರೆ. ಖಾತೆಯಲ್ಲಿ ಹಣವಿದ್ದು ಚೆಕ್ ಕ್ರಮವಾಗಿದ್ದರೆ ಬ್ಯಾಂಕು ಪಾವತಿ ಮಾಡಲೇಬೇಕು, ತಪ್ಪಿದರೆ ಬರೆದವರಿಗಾದ ನಷ್ಟ ತುಂಬಿಕೊಡಬೇಕು ಎನ್ನುತ್ತದೆ ವರ್ಗಾವಣೀಯ ಲಿಖಿತಗಳ ಕಾಯ್ದೆಯ 31ನೇ ಕಲಂ. ಚೆಕ್ಕಿಗೆ ಕನಿಷ್ಠ ಮೊತ್ತ ಎಂಬುದನ್ನು ನಾನಂತೂ ಕೇಳಿಲ್ಲ. ಹಿರಿಯ ನಾಗರಿಕರು ಕೇಳಿದರೆ ಉಳಿತಾಯ ಖಾತೆಗೆ ವರ್ಷಕ್ಕೆ ಕನಿಷ್ಠ 25 ಹಾಳೆ ಉಚಿತವಾಗಿ ಕೊಡಬೇಕೆಂದು 2017ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಹೇಳಿದೆ. ಹೆಬ್ಬೆಟ್ಟಿನವರಿಗೆ ಚೆಕ್‌ಬುಕ್ ಸಿಗುವುದು ಕಷ್ಟ, ಒಪ್ಪುತ್ತೇನೆ. ಅವರು ಫಾರಂ, ಪಾಸ್‌ಬುಕ್ ಹಿಡಿದು ತಾವೇ ಬರಬೇಕು.

ಬಂದಾಗ ಕೊಡುವುದಿಲ್ಲ ಎಂದರೆ ಕೂಗಾಡಬೇಡಿ. ಮ್ಯಾನೇಜರ್ ಹತ್ತಿರ ಹೋಗಿ "ಆ ಸುತ್ತೋಲೆಯ ನಂಬರು, ತಾರೀಕು ಬರೆದುಕೊಡಿ" ಎನ್ನಿ. ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ಸಲ ಅಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ಬ್ಯಾಂಕಿಗೆ ಲಿಖಿತ ದೂರು ಕೊಡಿ. ಮೂವತ್ತು ದಿನ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ. ಅದಕ್ಕೆ ಶುಲ್ಕವಿಲ್ಲ, 14448ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಗೆದ್ದೇ ಗೆಲ್ಲುತ್ತೀರಿ ಎಂದು ನಾನು ಭರವಸೆ ಕೊಡಲಾರೆ.

ಆ ಅಜ್ಜಿಯ ಜತೆ ಅವತ್ತು ನಾನೇ ಹೋದೆ. ಮ್ಯಾನೇಜರ್ ಹೊಸ ಹುಡುಗಿ, ಉತ್ತರದ ಕಡೆಯವಳು, ಕನ್ನಡ ಈಗಷ್ಟೇ ಕಲಿಯುತ್ತಿದ್ದಾಳೆ. ಸುತ್ತೋಲೆ ಕೇಳಿದ್ದಕ್ಕೆ ಎರಡು ನಿಮಿಷ ಕಂಪ್ಯೂಟರಿನಲ್ಲಿ ಹುಡುಕಿ, ಎದ್ದು ಬಂದು, ಗಾಜಿನ ಮೇಲಿನ ಕಾಗದವನ್ನು ತಾನೇ ಓದಿ, "ಯಾರು ಹಾಕಿದ್ದು ಇದು?" ಎಂದು ಕೇಳಿದಳು. ಯಾರೂ ಬಾಯಿ ಬಿಡಲಿಲ್ಲ. ಕ್ಯಾಷಿಯರ್ ಆರು ನೂರರ ನೋಟು ಎಣಿಸಿ ಕೊಟ್ಟ. ಅಜ್ಜಿ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಅಂಚು ಹರಿದ ಒಂದನ್ನು ಕಿಂಡಿಯೊಳಗೆ ವಾಪಸ್ ತಳ್ಳಿದರು.

"ಇದು ಬಸ್ಸಲ್ಲಿ ತಗಳಲ್ಲ ಕಣಪ್ಪ, ಬೇರೆ ಕೊಡು."